ಮಧ್ಯಾಹ್ನದ ಜ್ವರ

“ಎಂಬತ್ತೆಂಟು,” ಎಂದಳು ನರ್ಸಮ್ಮ.

ಆಸ್ಪತ್ರೆಯ ವಾರ್ಡಿನಲ್ಲಿ ಜ್ವರ ನೋಡಿ ಹೇಳುವ ದನಿ ಅದು. ಆದರೆ ಅವಳ ಮುಂದಿದ್ದದ್ದು ರೋಗಿಯಲ್ಲ, ಮೇಜಿನ ಪಕ್ಕ ನಿಲ್ಲಿಸಿದ್ದ ಒಂದು ಕಪ್ಪು ಕಂಪ್ಯೂಟರ್ ಡಬ್ಬ. ಅದರ ಮುಖದ ಮೇಲೊಂದು ಪುಟ್ಟ ಕಿಟಕಿ. ಒಳಗಿನ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂಬುದು ಅಲ್ಲಿ ಸೆಲ್ಸಿಯಸ್ ಲೆಕ್ಕದ ಕೆಂಪು ಅಂಕಿಯಲ್ಲಿ ಮೂಡುತ್ತಿತ್ತು. ಫ್ಯಾನು ಮೈಮೇಲೆ ಬಂದಂತೆ ತಿರುಗುತ್ತಿತ್ತು.

ಈ ಕಂಪ್ಯೂಟರಿನ ಯಜಮಾನ, ಅಂದರೆ ನರ್ಸಮ್ಮನ ಗಂಡ, ಕಾಣೆಯಾಗಿ ವರ್ಷವಾಗುತ್ತ ಬಂದಿತ್ತು. ಹೊಳೆಯ ದಡದಲ್ಲಿ ಚಪ್ಪಲಿ ಸಿಕ್ಕಿತ್ತು, ಮನುಷ್ಯ ಸಿಕ್ಕಿರಲಿಲ್ಲ. ಹೊಸದಾಗಿ ಓದುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಹಳಬರಿಗೆ ಒಂದು ಹೊಸ ಸುದ್ದಿ: ಮರುದಿನ ಬೆಳಗ್ಗೆ ಪೊಲೀಸರು ಹುಡುಕಾಟದ ಫೈಲನ್ನೇ ಮುಚ್ಚಿಬಿಡುವವರಿದ್ದರು.

“ಮೇಡಂ, ನಂಗೆ ಒಂದೇ ಒಂದು ಹೇಳಿಬಿಡಿ,” ನರ್ಸಮ್ಮ ನನ್ನ ಕಡೆ ತಿರುಗಿದಳು. “ಇದು ಕೆಟ್ಟು ಬಿಸಿಯಾಗ್ತಿದ್ಯಾ, ಇಲ್ಲಾ ಯಾರೋ ಕೆಲಸ ಮಾಡಿಸ್ತಿರೋದಕ್ಕೆ ಬಿಸಿಯಾಗ್ತಿದ್ಯಾ?”

ಬೇರೆ ಯಾರ ಮನೆಯಲ್ಲಾದರೂ ನಕ್ಕುಬಿಡುತ್ತಿದ್ದೆ. ಇಲ್ಲಿ ನಗು ಬರಲಿಲ್ಲ. ಯಂತ್ರ ಕೆಟ್ಟಿದ್ದರೆ ಅವಳ ಗಂಡ ಹೊಳೆಯ ಪಾಲಾಗಿದ್ದಾನೆ. ಕೆಟ್ಟಿಲ್ಲದಿದ್ದರೆ ಅವನು ಎಲ್ಲೋ ಬದುಕಿದ್ದು, ಇಂಟರ್ನೆಟ್ ಮೂಲಕ ದೂರದಿಂದಲೇ ತನ್ನ ಯಂತ್ರವನ್ನು ದುಡಿಸುತ್ತಿದ್ದಾನೆ. ಫೈಲು ಮುಚ್ಚಬೇಡಿ ಎಂದು ಹೇಳಲು ಅವಳ ಕೈಯಲ್ಲಿ ಈ ಕೆಂಪು ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ.

ಪತ್ತೇದಾರಿಕೆಗೆ ಇಳಿಯುವ ಮುಂಚೆ ನಾನೊಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ಹುಡುಗಿಯರ ಪ್ರೇಮಪತ್ರ ಮತ್ತು ಯಂತ್ರಗಳ ಕಾಯಿಲೆ, ಎರಡನ್ನೂ ಅಲ್ಲೇ ಕಲಿತದ್ದು. ಹೀಗಾಗಿ ಅವಳ ಪ್ರಶ್ನೆ ಹುಚ್ಚು ಪ್ರಶ್ನೆಯಲ್ಲ ಎಂದು ನನಗೆ ಗೊತ್ತಿತ್ತು. ಸುಮ್ಮನೆ ಕೂತ ಪ್ರೊಸೆಸರ್ ತಣ್ಣಗಿರುತ್ತದೆ. ಕೆಲಸ ಕೊಟ್ಟರೆ ಬಿಸಿಯಾಗುತ್ತದೆ. ಕೆಲಸವಿಲ್ಲದೆಯೂ ಬಿಸಿಯಾದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದರ್ಥ.

ಆದರೂ ಆ ಕೋಣೆಯಲ್ಲಿ ನಿಂತು ಧೈರ್ಯವಾಗಿ ಯೋಚಿಸುವುದು ಕಷ್ಟವಾಗಿತ್ತು. ನಡು ಮಧ್ಯಾಹ್ನ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದೆ, ಒಳಗೆ ನನ್ನ ಕೈಯ ರೋಮಗಳು ನಿಮಿರಿ ನಿಂತಿವೆ.

ತಪ್ಪು ಗೋಡೆಗಳದ್ದು. ಕಾಣೆಯಾದವನು ಹಳೆಯ ಧ್ವನಿಮುದ್ರಣಗಳಿಂದ ಗದ್ದಲ ತೆಗೆದು, ಒಳಗೆ ಹೂತುಹೋದ ಮಾತನ್ನು ಹೊರಗೆ ತರುವ ಕಸುಬಿನವನು. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರಂತೆ. ಮನೆಯ ಈ ಕೋಣೆಗೂ ಅವನು ನಾಲ್ಕೂ ಕಡೆ ಸದ್ದು ಹೀರುವ ಸ್ಪಂಜು ಬಡಿದಿದ್ದ. ಬೀದಿಯ ಒಂದು ಹಾರ್ನ್ ಕೂಡ ಒಳಗೆ ಬರುವುದಿಲ್ಲ. ನಾವು ಆಡಿದ ಮಾತು ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತದೆ. ಫ್ಯಾನಿನ ಸದ್ದು ಮಾತ್ರ ಸಾಯುವುದಿಲ್ಲ.

ಆ ಸದ್ದಿನ ಪಕ್ಕದಲ್ಲೇ ಮಂಚ ಹಾಕಿಸಿಕೊಂಡು ಅವನ ತಾಯಿ ಮಲಗಿದ್ದರು.

“ಅವನ ಉಸಿರು ಅದು,” ಎಂದು ನಾನು ಬಂದ ಕೂಡಲೇ ಹೇಳಿದ್ದರು, ಬಂದವರಿಗೆ ನೀರು ಬೇಕಾ ಎಂದು ಕೇಳುವಷ್ಟು ಸಹಜವಾಗಿ.

ಮಗ ಹೋದ ದಿನ ಕಂಪ್ಯೂಟರ್ ಚಾಲೂ ಇತ್ತಂತೆ. ಅಂದಿನಿಂದ ಅದನ್ನು ಆರಿಸಲು ಅಜ್ಜಿ ಯಾರನ್ನೂ ಬಿಟ್ಟಿರಲಿಲ್ಲ. ಅವನು ಹಾಕಿದ್ದು, ಅವನೇ ಬಂದು ಆರಿಸಲಿ ಎಂದು ಪಟ್ಟು ಹಿಡಿದು ಕೂತಿದ್ದರು.

“ಮೊದಮೊದಲು ಹೀಗಿರಲಿಲ್ಲ,” ನರ್ಸಮ್ಮ ಹೇಳಿದಳು. “ಬೆಳಗ್ಗೆಯೆಲ್ಲ ತಣ್ಣಗಿರೋದು. ಊಟ ಆದ್ಮೇಲೆ ಏರೋದು, ಸಂಜೆ ಹೊತ್ತಿಗೆ ಇಳಿಯೋದು. ಹೊತ್ತು ನೋಡಿ ಬರೋ ಜ್ವರಕ್ಕೆ ಒಂದು ಕಾರಣ ಇರುತ್ತೆ ಮೇಡಂ. ನಾನು ಎಷ್ಟು ವಾರ್ಡ್ ನೋಡಿಲ್ಲ? ಅವರೂ ಊಟ ಮಾಡಿ ಮಧ್ಯಾಹ್ನಾನೇ ಕೆಲಸಕ್ಕೆ ಕೂರ್ತಿದ್ರು.”

“ಯಾರಿಗಾದ್ರೂ ಹೇಳಿದ್ರಾ?”

“ಪುಟ್ಟಂಗೆ ಹೇಳ್ದೆ. ನಮ್ಮನೆಯವರ ತಮ್ಮ. ಕಂಪ್ಯೂಟರ್ ಬಿಡಿಭಾಗದ ಅಂಗಡಿ ಇಟ್ಟಿದಾನೆ. ಬಂದು ನೋಡಿ, ಹಳೇದಾಗಿದೆ ಅತ್ತಿಗೆ, ಅದಕ್ಕೇ ಬಿಸಿ ಅಂತ ಹೇಳಿ ಹೊಸ ಫ್ಯಾನು ಹಾಕಿಕೊಟ್ಟ. ಆವತ್ತೊಂದು ದಿನ ಅತ್ತೇನ ಒಪ್ಪಿಸಿ ಆರಿಸಿದ್ವಿ. ಪರದೆ ಕೆಟ್ಟಿದೆ ಅಂತ ರಿಪೇರಿಗೆ ಒಯ್ದ. ಇನ್ನೂ ತಂದಿಲ್ಲ.”

“ಹೊಸ ಫ್ಯಾನು ಹಾಕಿದ್ಮೇಲೆ?”

“ಸದ್ದು ಕಮ್ಮಿ ಆಯ್ತು. ಆದ್ರೆ ಅಂಕಿ ನೋಡ್ತಿದ್ನಲ್ಲ, ಮಧ್ಯಾಹ್ನ ಏರೋದು ನಿಲ್ಲಲಿಲ್ಲ. ಅದನ್ನೂ ಪುಟ್ಟಂಗೆ ಹೇಳ್ದೆ. ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಇಡೀ ದಿನ ಸುಡೋಕೆ ಶುರುವಾಯ್ತು. ಈಗ ಬೆಳಗ್ಗೇನೂ ಅಷ್ಟೇ, ರಾತ್ರೀನೂ ಅಷ್ಟೇ. ಅವರು ಬಂದ್ರಾ, ಹೋದ್ರಾ, ಒಂದೂ ತಿಳೀತಿಲ್ಲ.”

ಕೊನೆಯ ಮಾತಿಗೆ ಅವಳು ಕೆಂಪು ಅಂಕಿಯ ಮೇಲೆ ಬೆರಳಿಟ್ಟಳು. ನಾನು ಮುಖ ತಿರುಗಿಸಿ, ನನ್ನ ಮನೆಯಿಂದ ತಂದಿದ್ದ ಚಿಕ್ಕ ಪರದೆಯನ್ನು ಡಬ್ಬಕ್ಕೆ ಜೋಡಿಸಿದೆ. ನೀಲಿ ಪುಟವೊಂದು ಮೂಡಿ ಪಾಸ್‌ವರ್ಡ್ ಕೇಳಿತು. ಅದು ಗಂಡನೊಬ್ಬನಿಗೇ ಗೊತ್ತಿದ್ದದ್ದು. ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ದಾರಿ ಇರಲಿಲ್ಲ, ಡಬ್ಬವನ್ನೇ ಬಿಚ್ಚಬೇಕಿತ್ತು.

“ಅಮ್ಮ, ಸ್ವಲ್ಪ ಹೊತ್ತು ಆರಿಸ್ಬೇಕು,” ಎಂದೆ.

ಅಜ್ಜಿ ಕಣ್ಣು ತೆರೆಯಲಿಲ್ಲ. ನರ್ಸಮ್ಮ ಮಂಚದ ಬಳಿ ಮಂಡಿಯೂರಿದಳು.

“ಅತ್ತೆ, ಹೀಗೇ ಸುಡ್ತಿದ್ರೆ ಅದೇ ಸುಟ್ಟುಹೋಗುತ್ತೆ. ಆಮೇಲೆ ಅವರು ಬಂದ್ರೂ ಹಾಕಕ್ಕಾಗಲ್ಲ.”

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರು. “ಬೇರೆಯವರು ಬೇಡ. ನನ್ನ ಕೈಲೇ ಆರಿಸು.”

ನರ್ಸಮ್ಮ ಅತ್ತೆಯ ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದಳು.

ಫ್ಯಾನು ನಿಧಾನವಾಗಿ ನಿಂತಿತು. ಆಮೇಲೆ ಕೋಣೆಯಲ್ಲಿ ಉಳಿದ ಮೌನ ನನಗೆ ಸಹಿಸಲಾಗಲಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ದೆವ್ವ ನಂಬುವವಳಲ್ಲ, ಆದರೂ ಬಾಗಿಲು ತೆರೆದಿದೆಯೇ ಎಂದು ಒಮ್ಮೆ ನೋಡಿಕೊಂಡೆ.

ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಧೂಳಿಲ್ಲ. ಪ್ರೊಸೆಸರ್ ಮೇಲೆ ಅದರ ಬಿಸಿ ಹೀರಲು ಒಂದು ಲೋಹದ ದಿಮ್ಮಿ, ಅದಕ್ಕೆ ಅಂಟಿದಂತೆ ಹೊಸ ಫ್ಯಾನು. ಎಲ್ಲ ಲಕ್ಷಣವಾಗಿಯೇ ಇತ್ತು. ತಿರುಪು ಸಡಿಲಿಸಿ ದಿಮ್ಮಿಯನ್ನು ಎತ್ತಿದಾಗ ವಿಷಯ ಹೊರಬಿತ್ತು.

ದಿಮ್ಮಿಗೂ ಪ್ರೊಸೆಸರಿಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇತ್ತು.

ಇದು ಕಂಪ್ಯೂಟರ್ ಜೋಡಿಸುವ ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ಲೋಹದ ತಳಕ್ಕೆ ಗೀರು ಬೀಳದಿರಲೆಂದು ಕಂಪನಿಯವರು ಅಂಟಿಸಿರುತ್ತಾರೆ. ಜೋಡಿಸುವ ಮುಂಚೆ ಕಿತ್ತು ಬಿಸಾಡಬೇಕು, ಅವಸರದಲ್ಲಿ ಮರೆಯುತ್ತಾರೆ. ಬಿಸಿ ಲೋಹಕ್ಕೆ ದಾಟುವುದೇ ಇಲ್ಲ. ಫ್ಯಾನು ಎಷ್ಟು ತಿರುಗಿದರೂ ಒಳಗೆ ಸುಡುತ್ತಲೇ ಇರುತ್ತದೆ, ಆ ಬಿಸಿಗೆ ಯಂತ್ರದ ಕೆಲಸವೂ ತೆವಳತೊಡಗುತ್ತದೆ.

“ಅಂದ್ರೆ?” ನರ್ಸಮ್ಮ ಕೇಳಿದಳು.

“ಅಂದ್ರೆ ಇದು ಕೆಲಸದ ಬಿಸಿ ಅಲ್ಲ. ಜೋಡಿಸಿದವರ ಎಡವಟ್ಟು.”

ಅವಳು ಗಂಡನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಳು. ಒಬ್ಬ ಹೆಂಗಸಿನ ಆಸೆಯನ್ನು ಕಣ್ಣೆದುರೇ ಕೊಂದ ಪಾಪ ನನಗೆ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಕೈಯಲ್ಲಿದ್ದದ್ದನ್ನು ಇನ್ನೊಮ್ಮೆ ನೋಡುತ್ತೇನೆ. ಅದೊಂದು ನನ್ನ ಒಳ್ಳೆಯ ಅಭ್ಯಾಸ.

ಹಾಳೆಯನ್ನು ಬೆಳಕಿಗೆ ಹಿಡಿದೆ.

ಪ್ರೊಸೆಸರಿಗೂ ಲೋಹಕ್ಕೂ ನಡುವೆ ಬೂದು ಬಣ್ಣದ ಪೇಸ್ಟ್ ಹಚ್ಚುತ್ತಾರೆ, ಬಿಸಿ ಚೆನ್ನಾಗಿ ದಾಟಲಿ ಎಂದು. ಹಾಳೆ ಕೀಳಲು ಮರೆತಿದ್ದರೆ ಪೇಸ್ಟ್ ಅದರ ಕೆಳಗಿನ ಮಗ್ಗುಲಲ್ಲಿ ಮಾತ್ರ ಇರಬೇಕು. ಮೇಲಿನ ಮಗ್ಗುಲು ಲೋಹಕ್ಕೆ ಅಂಟಿಕೊಂಡೇ ಇರುತ್ತದಲ್ಲ, ಅಲ್ಲಿಗೆ ಪೇಸ್ಟ್ ಹೋಗುವುದಾದರೂ ಹೇಗೆ?

ಈ ಹಾಳೆಯ ಎರಡೂ ಮಗ್ಗುಲಲ್ಲಿ ಬೂದು ಪೇಸ್ಟ್ ಇತ್ತು.

ಯಾರೋ ದಿಮ್ಮಿಯನ್ನು ಮೊದಲು ಸರಿಯಾಗಿಯೇ ಕೂರಿಸಿದ್ದರು, ಆಗಲೇ ಅದರ ತಳಕ್ಕೆ ಪೇಸ್ಟ್ ಮೆತ್ತಿತ್ತು. ಆಮೇಲೆ ಇನ್ನೊಂದು ದಿನ ಬಂದು, ಬಿಚ್ಚಿ, ಪ್ಲಾಸ್ಟಿಕ್ ತೂರಿಸಿ ಮುಚ್ಚಿದ್ದರು.

“ಇಡೀ ದಿನ ಸುಡೋಕೆ ಶುರುವಾಗಿದ್ದು ಯಾವತ್ತು? ಜ್ಞಾಪಿಸ್ಕೊಳ್ಳಿ.”

ನರ್ಸಮ್ಮ ಯೋಚಿಸಿದಳು. “ಅತ್ತೇನ ಕಣ್ಣಿನ ಪರೀಕ್ಷೆಗೆ ಕರ್ಕೊಂಡು ಹೋಗಿದ್ದೆ. ವಾಪಸ್ ಬಂದಾಗಿಂದ.”

“ಮನೇಲಿ ಯಾರಿದ್ರು?”

ಅವಳು ಬಾಯಿ ತೆರೆಯುವುದಕ್ಕೂ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಗುವುದಕ್ಕೂ ಸರಿಹೋಯಿತು. ಕೈಯಲ್ಲಿ ತಾಯಿಯ ಮಾತ್ರೆ, ಹೆಗಲಲ್ಲಿ ಅಂಗಡಿಯ ಚೀಲ, ಮುಖದ ತುಂಬ ನಗು ಹೊತ್ತು ಪುಟ್ಟ ಒಳಗೆ ಬಂದ. ಹೆಸರಿಗೆ ಪುಟ್ಟ, ಆಳು ಬಾಗಿಲಿನಷ್ಟಿದ್ದ. ಬಿಚ್ಚಿದ ಡಬ್ಬ ಕಂಡ ಕೂಡಲೇ ನಗು ಮುಖದಿಂದ ಇಳಿದುಹೋಯಿತು.

“ಏನತ್ತಿಗೆ ಇದು? ಅಮ್ಮ ಒಪ್ಪಿದ್ರಾ?”

“ಒಪ್ಪಿದ್ರು,” ಎಂದೆ ನಾನು. “ಹೊಸ ಫ್ಯಾನು ಹಾಕಿದ್ದು ನೀವೇ ಅಂತೆ. ಎಷ್ಟು ಸಲ ಬಿಚ್ಚಿದ್ರಿ?”

“ಒಂದೇ ಸಲ. ಯಾಕೆ ಮೇಡಂ?”

ಹಾಳೆಯನ್ನು ತೋರಿಸಿದೆ. ಅವನು ಹಣೆ ಚಚ್ಚಿಕೊಂಡ. ಚೆನ್ನಾಗಿಯೇ ಚಚ್ಚಿಕೊಂಡ, ನಾಟಕಕ್ಕೆ ಸೇರಬಹುದಿತ್ತು.

“ಅಯ್ಯೋ, ಕೀಳೋದೇ ಮರೆತಿದೀನಿ! ಅಮ್ಮ ಬೇಗ ಹಾಕು, ಬೇಗ ಹಾಕು ಅಂತಿದ್ರು, ಆ ಗಡಿಬಿಡೀಲಿ…”

“ಮರೆತಿದ್ರೆ ಈ ಮಗ್ಗುಲಿಗೆ ಪೇಸ್ಟ್ ಹೇಗೆ ಬಂತು?”

ಅವನು ಹಾಳೆಯನ್ನು ನೋಡಿದ. ನನ್ನನ್ನು ನೋಡಿದ. ದಿನಕ್ಕೆ ಹತ್ತು ಕಂಪ್ಯೂಟರ್ ಜೋಡಿಸುವವನಿಗೆ ನನ್ನ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿರಲಿಲ್ಲ.

“ಪುಟ್ಟ,” ನರ್ಸಮ್ಮ ಮೆಲ್ಲಗೆ ಹೇಳಿದಳು, “ಕಣ್ಣಿನ ಪರೀಕ್ಷೆ ದಿನ ಮನೆ ನೋಡ್ಕೋತೀನಿ ಹೋಗಿ ಬನ್ನಿ ಅಂದೋನು ನೀನೇ ಅಲ್ವಾ?”

ಅವನು ನೆಲದ ಮೇಲೆ ಕುಸಿದು ಕೂತ.

“ನಾನೇ ಅತ್ತಿಗೆ. ಎಲ್ಲಾ ನಾನೇ.”

ಸ್ಪಂಜಿನ ಗೋಡೆ ಆ ಮಾತನ್ನೂ ನುಂಗಿತು. ಅವನು ತಲೆ ತಗ್ಗಿಸಿಕೊಂಡೇ ಮುಂದುವರಿಸಿದ.

“ಅಣ್ಣ ಹೋದ್ಮೇಲೆ ಅಮ್ಮ ಊಟ ಬಿಟ್ಟಿದ್ರು. ಈ ಫ್ಯಾನು ಜೋರಾದ್ರೆ ಅವನು ಬಂದ ಅಂದ್ಕೊಂಡು ಎರಡು ತುತ್ತು ತಿಂತಿದ್ರು. ಅದಕ್ಕೇ ನಾನು ಅಂಗಡಿಯಿಂದಾನೇ ದಿನಾ ಮಧ್ಯಾಹ್ನ ಇದಕ್ಕೆ ಸುಮ್ಮನೆ ಏನಾದ್ರೂ ಕೆಲಸ ಕೊಡ್ತಿದ್ದೆ. ನೀವು ಅಂಕಿ ನೋಡಿ ಅವರು ಬದುಕಿದಾರೆ ಅನ್ನೋಕೆ ಶುರು ಮಾಡಿದ್ರಿ. ಹೇಗೆ ಹೇಳ್ಲಿ ಹೇಳಿ? ಯಾವಾಗ್ಲೂ ಬಿಸಿ ಇರೋ ಹಾಗೆ ಮಾಡ್ಬಿಟ್ರೆ ಕೆಟ್ಟಿದೆ ಅಂತ ನೀವೇ ಸುಮ್ಮನಾಗ್ತೀರ ಅಂದ್ಕೊಂಡೆ.”

ಜ್ವರ ಯಾವಾಗ ಬರುತ್ತದೆಂದು ತಿಳಿಯಬಾರದೆಂದು ಜ್ವರ ಇಳಿಯದಂತೆ ಮಾಡಿಬಿಡುವುದು. ಉಪಾಯವೇನೋ ಭಲೇ ಉಪಾಯ. ಅವನ ಕಣ್ಣಲ್ಲಿ ನೀರಿತ್ತು. ಬೆಪ್ಪಿಯ ಹಾಗೆ ನಾನೂ ಕನಿಕರಪಟ್ಟೆ. ನರ್ಸಮ್ಮ ಗೋಡೆಗೆ ಒರಗಿ ಅಳತೊಡಗಿದಳು. ಸದ್ದಿಲ್ಲದ ಅಳು, ಭುಜ ಮಾತ್ರ ಅಲುಗುತ್ತಿತ್ತು.

“ನಾಳೆ ಹೋಗಿ ಫೈಲು ಮುಚ್ಚಿ ಅಂತ ಹೇಳಿಬರ್ತೀನಿ,” ಎಂದಳು.

ಆಗ ಮಂಚದಿಂದ ದನಿ ಬಂತು.

“ಸುಳ್ಳು ಹೇಳ್ಬೇಡ್ವೋ. ನೀನು ಅಂಗಡೀಲಿ ಎಲ್ಲಿರ್ತಿದ್ದೆ? ಊಟದ ಹೊತ್ತಿಗೆ ಇಲ್ಲೇ ಬಂದು ನನ್ನ ಕಾಲು ಒತ್ತುತಾ ಕೂರ್ತಿದ್ಯಲ್ಲ. ಫ್ಯಾನು ಏರಿದಾಗ ನನಗಿಂತ ಮುಂಚೆ ನೀನೇ ಬೆಚ್ಚಿಬೀಳ್ತಿದ್ದೆ.”

ಪುಟ್ಟನ ಮುಖ ಬಿಳಿಚಿಕೊಂಡಿತು. “ಫೋನಿಂದ ಮಾಡ್ತಿದ್ದೆ ಅಮ್ಮ.”

“ಎರಡೂ ಕೈ ನನ್ನ ಕಾಲ ಮೇಲಿರ್ತಿತ್ತಲ್ಲೋ.”

ಮಗನನ್ನು ಸಿಕ್ಕಿಹಾಕಿಸಬೇಕೆಂದು ಆಡಿದ ಮಾತಲ್ಲ ಅದು. ಹಿರಿಯ ಮಗನ ಉಸಿರಿನ ಮೇಲೆ ಬೇರೆ ಯಾರೂ ಹಕ್ಕು ಹೇಳಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು. ನನ್ನ ಕನಿಕರವೆಲ್ಲ ಒಂದೇ ಗಳಿಗೆಯಲ್ಲಿ ಇಳಿದುಹೋಯಿತು.

“ನಿಮ್ಮ ಫೋನು ಕೊಡಿ,” ಎಂದೆ.

“ಅಂಗಡಿಗೆ ಒಂದು ಫೋನು ಮಾಡ್ಬೇಕಿತ್ತು ಮೇಡಂ, ಗಿರಾಕಿ ಕಾಯ್ತಿದಾರೆ…”

“ಕಾಯ್ಲಿ. ನಾನೂ ಗಿರಾಕೀನೇ.”

ಅವನ ಕೈಯಿಂದ ಫೋನು ತೆಗೆದು, ಆರಿಸಿ, ನನ್ನ ಬ್ಯಾಗಿಗೆ ಹಾಕಿಕೊಂಡೆ. “ಈಗ ನಿಮ್ಮ ಚೀಲದಲ್ಲಿರೋ ಪೇಸ್ಟ್ ತೆಗೀರಿ. ಹಾಳೆ ಇಲ್ಲದೆ ಸರಿಯಾಗಿ ಕೂರಿಸಿ. ನಾನು ನೋಡ್ತಿರ್ತೀನಿ.”

ಕೂರಿಸಿದ. ಕೆಲಸದಲ್ಲಿ ತಪ್ಪಿರಲಿಲ್ಲ. ಹಳೆಯ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದನ್ನು ನಡುವಿಗಿಟ್ಟು, ದಿಮ್ಮಿ ಇಳಿಸಿ, ತಿರುಪುಗಳನ್ನು ಎದುರುಬದುರಾಗಿ ಬಿಗಿದ. ಈ ಮನುಷ್ಯ ಹಾಳೆ ಕೀಳಲು ಮರೆಯುವವನಲ್ಲ. ಮುಗಿದ ಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿದ.

“ಇವತ್ತು ಹಾಕೋದು ಬೇಡ ಮೇಡಂ. ಪೇಸ್ಟ್ ಒಣಗಬೇಕು. ನಾಳೆ ಹಾಕೋಣ.”

“ಈ ಪೇಸ್ಟ್ ಒಣಗಬೇಕಾಗಿಲ್ಲ, ನಿಮಗೂ ಗೊತ್ತು.”

“ಅತ್ತಿಗೆ, ನೀವಾದ್ರೂ ಹೇಳಿ. ಇನ್ನಾದ್ರೂ ಇದನ್ನ ಆರಿಸಿ ಇಡೋಣ. ಸಾಕು, ಈ ಮನೇಲಿ ಎಲ್ಲರೂ ಸವೆದು ಹೋಗಿದೀವಿ.”

“ಹಾಕೋ,” ಎಂದರು ಅಜ್ಜಿ. ಆ ದನಿಗೆ ಎದುರಾಡುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ.

ನಾನೇ ಗುಂಡಿ ಒತ್ತಿದೆ. ಫ್ಯಾನು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಡಬ್ಬದ ಕಿಟಕಿಯಲ್ಲಿ ಮೂವತ್ತೆರಡು ಮೂಡಿತು, ಮೂವತ್ತೈದಾಯಿತು. ಪರದೆಯ ಮೇಲೆ ನೀಲಿ ಪುಟ ಬಂದು ಮತ್ತೆ ಪಾಸ್‌ವರ್ಡ್ ಕೇಳುತ್ತ ನಿಂತಿತು.

“ಮೂವತ್ತೇಳು,” ನರ್ಸಮ್ಮ ಕಣ್ಣೊರೆಸಿಕೊಂಡಳು. “ಆರೋಗ್ಯವಾಗಿರೋ ಮನುಷ್ಯರ ಮೈ ಬಿಸಿ ಮೇಡಂ ಇದು.”

ಅಲ್ಲೇ ನಿಂತಿತು ಅಂಕಿ. ನಾವು ಮೂವರೂ ಅದನ್ನೇ ನೋಡುತ್ತ ಉಳಿದೆವು. ಗೋಡೆಗಳ ಮೌನದಲ್ಲಿ ಪುಟ್ಟನ ಉಸಿರಾಟ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೊರಗೆ ಮಧ್ಯಾಹ್ನ ಇಳಿಯತೊಡಗಿತ್ತು. ಇಲ್ಲಿ ಏನೂ ಆಗುವುದಿಲ್ಲ, ಈ ಹೆಂಗಸಿಗೆ ಏನು ಹೇಳಿ ಎದ್ದುಹೋಗಲಿ ಎಂದು ಯೋಚಿಸುತ್ತಿದ್ದೆ.

ಪಾಸ್‌ವರ್ಡಿನ ಜಾಗದಲ್ಲಿ ಒಂದು ಚುಕ್ಕೆ ಮೂಡಿತು.

ನನ್ನ ಕೈ ನನ್ನ ಮಡಿಲಲ್ಲಿತ್ತು. ಕೀಬೋರ್ಡಿನ ಹತ್ತಿರ ಯಾರೂ ಇರಲಿಲ್ಲ. ಇನ್ನೊಂದು ಚುಕ್ಕೆ. ಮತ್ತೊಂದು. ನಿಧಾನವಾಗಿ, ಒತ್ತುವವರು ಎಲ್ಲೋ ಆರಾಮವಾಗಿ ಕೂತಿದ್ದಾರೆ ಎನ್ನುವ ಹಾಗೆ, ಚುಕ್ಕೆಗಳು ಸಾಲಾಗಿ ತುಂಬಿದವು. ನೀಲಿ ಪುಟ ಸರಿಯಿತು.

ನರ್ಸಮ್ಮ ನನ್ನ ತೋಳನ್ನು ಹಿಡಿದಳು. ಉಗುರು ನಾಟಿತು, ನನಗೆ ಬಿಡಿಸಿಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ.

ಪರದೆಯ ಮೇಲಿನ ಬಾಣ ತಾನಾಗಿ ಚಲಿಸಿ, ಧ್ವನಿಯ ಗೆರೆಗಳು ತುಂಬಿದ ಒಂದು ಪುಟವನ್ನು ತೆರೆಯಿತು. ಮೇಲಿನ ಗೆರೆಗಳೆಲ್ಲ ಗದ್ದಲ. ಕೆಳಗೆ ಸಣ್ಣಗೆ ಒಂದು ಮನುಷ್ಯನ ಮಾತಿನ ಗೆರೆ. ಕೆಲಸ ಶುರುವಾಯಿತು. ಐವತ್ತು, ಅರವತ್ತೆರಡು, ಎಪ್ಪತ್ತು. ಫ್ಯಾನು ಏರಿತು.

“ಬಂದ,” ಎಂದರು ಅಜ್ಜಿ. ಅವರು ಪರದೆಯ ಕಡೆ ತಿರುಗಿಯೂ ನೋಡಿರಲಿಲ್ಲ.

“ಬದುಕಿದಾರೆ,” ನರ್ಸಮ್ಮ ಪಿಸುಗುಟ್ಟಿದಳು. “ಮೇಡಂ, ಇದು ಅವರೇ. ಬದುಕಿದಾರೆ ಅಂತ ನಾನು ಹೇಳಿರಲಿಲ್ವಾ?” ಅಳುತ್ತಲೇ ನಗುತ್ತಿದ್ದಳು. ಪುಟ್ಟ ನಗುತ್ತಿರಲಿಲ್ಲ. ಅವನ ಕಣ್ಣು ಗೋಡೆಯ ಪ್ಲಗ್ಗಿನ ಮೇಲಿತ್ತು.

ಬಾಣ ತಟ್ಟನೆ ನಿಂತಿತು. ಧ್ವನಿಯ ಗೆರೆಗಳ ಮೇಲೆ ಒಂದು ಖಾಲಿ ಬಿಳಿ ಪುಟ ತೆರೆದುಕೊಂಡಿತು. ಅದರಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು.

‘ಪುಟ್ಟಾ, ಇವತ್ತು ಭಾರೀ ವೇಗವಾಗಿ ಓಡ್ತಿದೆ. ಪ್ಲಾಸ್ಟಿಕ್ ತೆಗೆದ್ಯಾ? ತೆಗೀಬೇಡ ಅಂದಿದ್ನಲ್ಲೋ.’

ನರ್ಸಮ್ಮನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಅದರ ಹಿಂದೆ ಮಾತ್ರ ಏನೂ ಇರಲಿಲ್ಲ. ಅವಳು ಮೈದುನನ ಕಡೆ ತಿರುಗಿದಳು. ಅವನು ಪ್ಲಗ್ಗಿನತ್ತ ಹಾರಿದ. ನಾನು ಅಡ್ಡ ಬಿದ್ದು ಅವನ ರಟ್ಟೆ ಹಿಡಿದೆ.

“ಅತ್ತಿಗೆ, ಓದಬೇಡಿ! ಅವನು ನಿಮಗೋಸ್ಕರಾನೇ…”

“ಮುಟ್ಟಬೇಡ ಅದನ್ನ,” ಎಂದಳು ನರ್ಸಮ್ಮ. ಅವಳಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಪುಟ್ಟ ಅಲ್ಲೇ ನಿಂತ.

ಬಿಳಿ ಪುಟದಲ್ಲಿ ಇನ್ನೊಂದು ಸಾಲು ಮೂಡಿತು.

‘ಅವಳು ಅಲ್ಲಿದಾಳಾ?’

ಸಾಲಿನ ಕೊನೆಯಲ್ಲಿ ಕಪ್ಪು ಗೆರೆಯೊಂದು ಮಿನುಗುತ್ತ ಉತ್ತರಕ್ಕೆ ಕಾಯುತ್ತಿತ್ತು. ನರ್ಸಮ್ಮ ಗಂಡನ ಕುರ್ಚಿಯನ್ನು ಎಳೆದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು.

‘ಇಲ್ಲ ಅಣ್ಣ,’ ಎಂದು ಬರೆದಳು. ‘ನಾನೊಬ್ಬನೇ ಇದೀನಿ. ಹೇಳು.’